ಟವಲ್ ಇಲ್ಲದ ಬಜಾರ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 6.40

ಲಿಂಗಪೂಜೆ ಆಯಿತು. ಹಾಲು ಉಕ್ಕಿ ಒಲೆಯೆಲ್ಲ ಹಾಳು. ಎದುರಿಗೇ ನಿಂತಿದ್ದೆ, ಆದರೆ ಕಣ್ಣು ಫೋನಿನ ಮೇಲೆ. ಕಲ್ಯಾಣಪ್ಪನ ಲೇಖನಕ್ಕೆ ಬೆಳಗಾಗುವುದರೊಳಗೆ ಇನ್ನೂ ಹನ್ನೊಂದು ಓಟು. ನಾನು ಬರೆದ ನಾಲ್ಕು ಸಾಲಿಗೆ — ಎರಡು. ಒಂದು ಕಲ್ಯಾಣಪ್ಪನದು. ಇನ್ನೊಂದು ಅವನ ಮಗಳದು.

ಈ ಬ್ಲಾಕ್‌ಚೈನ್ ಬ್ಲಾಗಿಗೆ ನನ್ನನ್ನು ಎಳೆದವನೂ ಅವನೇ. ನಾರಾಯಣಖೇಡ್ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಇಬ್ಬರೂ ಕೂಡಿ ತೊಗರಿ ದಲಾಲಿ ಮಾಡಿದವರು. ಈಗ ಅವನು ಜಹೀರಾಬಾದಿನಲ್ಲಿ ಮಗಳ ಮನೆಯಲ್ಲಿ. ಶುಕ್ರವಾರ ಹೋದಾಗ ಮಗಳು ಭುವನೇಶ್ವರಿ ನನಗೂ ಅಕೌಂಟ್ ಮಾಡಿಕೊಟ್ಟಳು. ಪಾಸ್‌ವರ್ಡ್ ಅಲ್ಲ, 'ಕೀ' ಅಂತೆ. ಐವತ್ತೊಂದು ಅಕ್ಷರ, ತಲೆ ಇಲ್ಲ ಬುಡ ಇಲ್ಲ. ಈ ಡೈರಿಯ ಕೊನೆ ಹಾಳೆಯಲ್ಲಿ ಇದೆ.

"ಕಾಕಾ, ಇದು ಕಳದ್ರ ಮುಗೀತು ನೋಡ್ರಿ. ಹೊಸಾದು ಕೊಡಾಕ ಇದಕ್ಕ ಮಾಲಕ ಇಲ್ಲ, ಆಫೀಸ್ ಇಲ್ಲ."

"ಮಾಲಕ ಇಲ್ದ ಅಂಗಡಿ ಹ್ಯಾಂಗ ನಡೀತದವ್ವ?"

"ಎಲ್ಲಾರ ಹತ್ರನೂ ಅದೇ ಲೆಕ್ಕದ ವಹಿ ಇರ್ತದ್ರಿ. ಒಬ್ರು ಅಳಿಸಿದ್ರ ಉಳದವ್ರ ವಹಿದಾಗ ಹಂಗೇ ಇರ್ತದ."

ಕಲ್ಯಾಣಪ್ಪ ಮಂಚದ ಮೇಲಿಂದಲೇ ನಕ್ಕ. "ಶಂಕ್ರಪ್ಪ, ಮನ್ಯಾಗ ಒಬ್ನೇ ಕುಂತು ಗ್ವಾಡಿ ಜೋಡಿ ಮಾತಾಡ್ತಿ. ಅದನ್ನೇ ಇಲ್ಲಿ ಬರಿ. ಯಾರರೆ ಓದ್ತಾರ."

ಯಾರಾದರೂ! ಎರಡು ಓಟು.

ಫೆಬ್ರವರಿ 5

ಹೊಸಬರು ಮೊದಲು ತಮ್ಮ ಪರಿಚಯ ಬರೆಯಬೇಕಿತ್ತಂತೆ, ನನಗೆ ಗೊತ್ತಿರಲಿಲ್ಲ. ಬರೆದೆ. ಬೀದರಿನಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿ ಇಂಗ್ಲಿಷ್ ಕೈಕೊಟ್ಟಿತು, ಕಾಲೇಜು ಬಿಟ್ಟೆ. ಉಳಿದಿರುವುದು ರಜಾ ಅರ್ಜಿಯ ಇಂಗ್ಲಿಷ್. 'ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಇಂಟ್ರೊಡ್ಯೂಸ್ ಮೈಸೆಲ್ಫ್' ಎಂದು ಶುರು, 'ಯುವರ್ಸ್ ಒಬೀಡಿಯೆಂಟ್ಲಿ, ಶಿವಶಂಕರಪ್ಪ' ಎಂದು ಮುಗಿಸಿದೆ. ಫಿಲಿಪೈನ್ಸಿನವನೊಬ್ಬ ಕೇಳಿದ್ದಾನೆ — ನಿಮಗೆ ಕೆಲಸ ಬೇಕಾಗಿದೆಯೇ?

'ವಿಡೋವರ್' ಎಂದು ಬರೆದು ಹೊಡೆದುಹಾಕಿದೆ. ಬರೆದರೆ ಹೆಂಡತಿ ಹೇಗೆ ಹೋದಳು ಎಂದು ಕೇಳುತ್ತಾರೆ. ಏನು ಹೇಳಲಿ? ಜಹೀರಾಬಾದ್ ಆಸ್ಪತ್ರೆ, ಮೂಗಿಗೆ ನಳಿಕೆ, ನಾಲ್ಕು ದಿನದಿಂದ ಮಾತು ಬಂದ್. ಕಂಬಳಿ ಕೆಳಗೆ ಕೈ ಹಿಡಿದು ಕೂತಿದ್ದೆ, ಅವಳ ಬೆರಳು ನಡುಗುತ್ತಿದ್ದವು. ಚಹಾ ಕುಡಿದು ಬರುತ್ತೇನೆಂದು ಕೆಳಗಿಳಿದೆ. ಮೇಲೆ ಬಂದಾಗ ಮಹಾನಂದಾ ಇರಲಿಲ್ಲ. ಅಷ್ಟೇ. ಹದಿನಾಲ್ಕು ತಿಂಗಳಾಯಿತು.

ಹೆಸರಿನ ಪಕ್ಕ ಒಂದು ನಂಬರ್ ಇರುತ್ತದೆ, ರೆಪ್ಯುಟೇಶನ್. ನನಗೆ ಇಪ್ಪತ್ತೈದು — ಎಲ್ಲ ಹೊಸಬರಿಗೂ ಅಷ್ಟೇ. ಕಲ್ಯಾಣಪ್ಪನಿಗೆ ಐವತ್ತೆಂಟು. ಮಾರ್ಕೆಟ್ಟಿನಲ್ಲಿ ನನ್ನ ಹಿಂದೆ ಚೀಲ ಎಣಿಸುತ್ತ ಬರುತ್ತಿದ್ದವನು!

ಫೆಬ್ರವರಿ 8. ಬೆಳಿಗ್ಗೆ 10

ಕಲ್ಯಾಣಪ್ಪನ ಹೊಸ ಲೇಖನ. 'ಟವಲ್ ಕೆಳಗಿನ ಮಾತು'. ಇಷ್ಟರಲ್ಲೇ ಇನ್ನೂರಾ ಆರು ಓಟು.

ನನ್ನ ವಿದ್ಯೆ ಅದು. ನನ್ನದು! ಆಗ ಮಾಲಿನ ರೇಟು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನ ಕೈ, ದಲಾಲನ ಕೈ, ಮೇಲೊಂದು ಟವಲ್. ಬೆರಳು ಹಿಡಿದರೆ ಅಂಕಿ, ಇಡೀ ಅಂಗೈ ಒತ್ತಿದರೆ ಸೌದಾ ಆಯಿತು. ಎದುರಿಗೇ ನಿಂತವನಿಗೂ ಗೊತ್ತಾಗುತ್ತಿರಲಿಲ್ಲ. ಕಲ್ಯಾಣಪ್ಪನಿಗೆ ಬೆರಳು ಹಿಡಿದು ಕಲಿಸಿದವನು ನಾನು. ಓದಿದಷ್ಟರಲ್ಲಿ ನಾನು ಬರುವುದು ಒಂದೇ ಸಲ, ಅದೂ 'ನನ್ನ ಗೆಳೆಯ' ಎಂದು. ನಮ್ಮಿಬ್ಬರ ನಡುವೆ ಮಾತ್ರ ಇದ್ದ ಒಂದು ಗುರುತು — ಕಿರುಬೆರಳು ಎರಡು ಸಲ ಒತ್ತಿದರೆ 'ತಡಿ, ಈಗಲೇ ಕೈ ಬಿಡಬ್ಯಾಡ' — ಅದನ್ನು ಮಾತ್ರ ಬರೆದಿಲ್ಲ. ಅಷ್ಟಾದರೂ ಮರ್ಯಾದೆ ಉಳಿಸಿದ್ದಾನೆ.

ಭುವನೇಶ್ವರಿ ಕೆಳಗೆ ಹಾಕಿದ ಇಂಗ್ಲಿಷ್ ಓದಿ ಪೋಲೆಂಡಿನ ಹೆಂಗಸು 'ಬ್ಯೂಟಿಫುಲ್ ಪೋಸ್ಟ್' ಎಂದಿದ್ದಾಳೆ. ಕೊರಿಯಾದವನು ಕಣ್ಣೀರು ಹಾಕುವ ಬೊಂಬೆ ಕಳಿಸಿದ್ದಾನೆ. ಕಣ್ಣೀರು ಯಾಕೆ? ಇನ್ನೂ ಕೆಳಗೆ ಓದಬೇಕು.

10.30

ಓದಿದೆ.

'ನನ್ನ ಗೆಳೆಯನ ಹೆಂಡತಿ, ತಂಗಿ ಮಹಾನಂದಾ, ಒಂದು ದಿನ ಕೇಳಿದಳು: ಅವರು ದಿನವೆಲ್ಲ ಟವಲ್ ಕೆಳಗೆ ಏನು ಮಾತಾಡುತ್ತಾರೆ, ನನಗೂ ಕಲಿಸಣ್ಣ. ನಾನು ಕಲಿಸಿದೆ.'

ಕಲಿಸಿದನಂತೆ. ಬೆರಳು ಹಿಡಿಯದೆ ಅದನ್ನು ಯಾರು ಕಲಿಸಿದ್ದಾರೆ? ಹಿಡಿದನೋ? ಟವಲ್ ಹಾಕಿಯೋ, ಹಾಕದೆಯೋ? ತಂಗಿಯಂತೆ... ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದೆ. ಅವಳಿಗೆ ಬೆರಳಿನ ಮಾತು ಬರುತ್ತಿತ್ತು ಎಂದು ನನಗೆ ತಿಳಿದದ್ದು ಇವತ್ತು, ಕೊರಿಯಾದವನಿಗೆ ತಿಳಿದ ಮೇಲೆ.

11.20

ಲೇಖನದ ಕೆಳಗೆ ಎರಡು ಬಾಣ. ಮೇಲಿನದು ಓಟು. ಕೆಳಗಿನದು — ಓಟು ಕಡಿಮೆ ಮಾಡುವುದು. ಕೆಳಗಿನದನ್ನು ಒತ್ತಿದೆ. ಇನ್ನೂರಾ ಆರು ಜನರ ಗದ್ದಲದಲ್ಲಿ ನನ್ನ ಬೆರಳು ಯಾರಿಗೆ ಕಂಡೀತು?

ಈಗ ಸಮಾಧಾನ ಇದೆ.

ಫೆಬ್ರವರಿ 9

ಇನ್ನೂರಾ ನಲವತ್ತು. ಕಡಿಮೆಯೇ ಆಗಿಲ್ಲ! ಹೊಸಬರ ಓಟಿಗೆ ತೂಕವಿಲ್ಲವಂತೆ. ತಕ್ಕಡಿಯಲ್ಲಿ ನೊಣ ಕೂತ ಹಾಗೆ.

ಫೆಬ್ರವರಿ 13

ನಾಲ್ಕು ದಿನದಿಂದ ಕಲ್ಯಾಣಪ್ಪನ ಫೋನ್ ಇಲ್ಲ. ದಿನಾ ಬೆಳಿಗ್ಗೆ ಎಂಟು ಗಂಟೆಗೆ 'ನಾಷ್ಟಾ ಆತೇನು?' ಎಂದು ಕೇಳುವವನು ಅವನೊಬ್ಬನೇ. ಅವನೂ ಬಿಟ್ಟರೆ ಕೇಳುವವರಿಲ್ಲ. ಬಿಡಲಿ. ಈಗ ದೊಡ್ಡ ಲೇಖಕನಲ್ಲವೇ.

ಸಂಜೆ ಭುವನೇಶ್ವರಿ ಫೋನ್ ಮಾಡಿದಳು.

"ಕಾಕಾ, ಕೈ ತಪ್ಪಿ ಒತ್ತೀರೇನ್ರಿ?"

"ಏನು?"

"ಅಪ್ಪನ ಪೋಸ್ಟಿಗಿ. ಕೆಳಗಿನ ಬಾಣ."

"ಅದು... ಕಾಣ್ತದೇನು?"

"ಓಟಿನ ನಂಬರ್ ಮ್ಯಾಲ ಒತ್ರಿ, ಎಲ್ಲಾರ ಹೆಸ್ರೂ ಬರ್ತಾವ. ಇನ್ನೂರ ಎಪ್ಪತ್ತರಾಗ ಕೆಂಪಂದು ಒಂದೇ ಅದ ಕಾಕಾ."

ಒತ್ತಿ ನೋಡಿದೆ. ಹೆಸರುಗಳ ಸಾಲು. ತುದಿಯಲ್ಲಿ ಕೆಂಪಗೆ ನನ್ನದು. ತಾರೀಖು, ಗಂಟೆ, ಮಿನಿಟು ಸಮೇತ. ಇಡೀ ಜಗತ್ತಿಗೆ ಬಿಚ್ಚಿಟ್ಟ ಕೈ.

"ತೆಗಿಯಾಕ ಬರ್ತದೇನವ್ವ?"

"ಬರ್ತದ್ರಿ. ಆದ್ರ ತೆಗದದ್ದೂ ವಹಿದಾಗ ಬರಕೊಂತದ."

ತೆಗೆದೆ. ಏನು ಉಪಯೋಗ. ಮೂವತ್ತು ವರ್ಷ ರೇಟು ಮುಚ್ಚಿಟ್ಟು ಬದುಕಿದವನಿಗೆ ಟವಲ್ ಇಲ್ಲದ ಬಜಾರವೂ ಇರುತ್ತದೆ ಎಂದು ಹೊಳೆಯಲಿಲ್ಲ.

ಫೆಬ್ರವರಿ 15, ಶನಿವಾರ. ಸಂಜೆ 5.30

ಕಲ್ಯಾಣಪ್ಪ ಬಂದಿದ್ದ. ಹನ್ನೆರಡರ ಬಸ್ಸಿಗೆ. ನೀರು ಕೊಟ್ಟೆ, ಕುಡಿಯಲಿಲ್ಲ. ಕಟ್ಟೆಯ ಮೇಲೆ ಕೂತು, ಹೆಗಲಿನ ಟವಲ್ ತೆಗೆದು ಕೈ ಮೇಲೆ ಹಾಸಿದ.

"ಹಾಕ್ ಕೈ. ಏನ್ ಹೇಳೋದದ, ಇದರ ಬುಡಕ ಹೇಳು. ಊರ ಮುಂದ ಯಾಕ ಹೇಳ್ತಿ?"

ಕೈ ಹಾಕಲಿಲ್ಲ. ಬಾಯಿ ಬಿಟ್ಟೇ ಕೇಳಿದೆ. "ಆಕಿ ಬೆರಳು ಹಿಡದಿದ್ದೇನು?"

"ಥೂ ನಿನ್ನ! ಅರವತ್ತಾರು ವರ್ಷದಾಂವ ಆಗೀದಿ. ಇದನ್ನ ಕೇಳಾಕ ಒಂದ್ ವಾರ ಬೇಕಾತೇನು? ಫೋನ್ ಇರ್ಲಿಲ್ಲ?"

"ಹೇಳು ಮೊದ್ಲ."

"ಭುವನೇಶ್ವರಿ ಆಗ ನಾಕು ವರ್ಷದಕಿ. ನಿನ್ನ ಪಡಸಾಲ್ಯಾಗ ಆಡಾಕತ್ತಿತ್ತು. ಅದರ ಬೆರಳು ಹಿಡದು ತೋರಿಸ್ದೆ. ತಂಗಿ ರೊಟ್ಟಿ ಬಡ್ಕೋಂತ ಅಲ್ಲಿಂದ್ಲೇ ನೋಡಿ ಕಲ್ತಳು. ತಾಂಡೂರ ಕಡಿ, ತೊಗರಿ ಸೀಮಿ ಹೆಣ್ಣು, ನಿನಗಿಂತ ಲಗೂನೇ ಕಲ್ತಳು."

"ನನಗ ಯಾಕ ಹೇಳ್ಲಿಲ್ಲ?"

"ನೀ ಮನ್ಯಾಗ ನಿಂತಿದ್ದು ಯಾವಾಗ? ಎಲ್ಲಾದಕ್ಕಿಂತ ಆಕಿಗಿ 'ತಡಿ' ಅನ್ನೂ ಆ ಕಿರುಬೆರಳಿಂದು ಭಾಳ ಸೇರ್ತು. 'ಅಣ್ಣಾ, ನನಗ ಇದೊಂದ್ ಸಾಕು. ನಿಮ್ಮ ಗೆಳ್ಯಾರು ಯಾವಾಗ್ಲೂ ಚಪ್ಪಲಿ ಮೆಟ್ಟೇ ಇರ್ತಾರ' ಅಂದ್ಳು."

ನಕ್ಕ. ನಾನು ನಗಲಿಲ್ಲ. ನನ್ನ ಕಿರುಬೆರಳನ್ನೇ ನೋಡುತ್ತಿದ್ದೆ.

ಆಗ ನೀರು ಕುಡಿದ. ಬಸ್ಸಿಗೆ ಏಳುವಾಗ ಹೇಳಿದ: "ನಿನ್ನ ಹೆಂಡ್ತಿ ಬಗ್ಗೆ ನಾ ಬರದ್ರ ಹೊಟ್ಟಿ ಉರೀತದ. ಖರೇ ಅದ. ಹಂಗಾದ್ರ ನೀ ಬರಿ. ನಿನಗ ಗೊತ್ತಿದ್ದದ್ದು ನನಗ ಏನ್ ಗೊತ್ತದ?"

ಟವಲ್ ಬಿಟ್ಟು ಹೋಗಿದ್ದಾನೆ. ಮರೆತೋ, ಬೇಕೆಂದೋ.

ಫೆಬ್ರವರಿ 16, ಭಾನುವಾರ. ಬೆಳಿಗ್ಗೆ 7

ಪೂಜೆಗೆ ಕೂತೆ, ಮನಸ್ಸು ನಿಲ್ಲಲಿಲ್ಲ. ಎಂಟಕ್ಕೆ ಅವನು ಫೋನ್ ಮಾಡುತ್ತಾನೆ, ಅಷ್ಟರಲ್ಲಿ ಬರೆಯಬೇಕು. ಬ್ಲಾಗಿನಲ್ಲಿ ಹಾಕಿದ್ದು ಅಳಿಯುವುದಿಲ್ಲ. ಅದಕ್ಕೇ ಮೊದಲು ಇಲ್ಲಿ, ಪೆನ್ಸಿಲ್ಲಿನಲ್ಲಿ.

'ರೆಸ್ಪೆಕ್ಟೆಡ್ ಸರ್' ಬೇಡ. ಕನ್ನಡದಲ್ಲೇ.

ನನ್ನ ಹೆಂಡತಿ ಮಹಾನಂದಾ. ತಾಂಡೂರ ಹತ್ತಿರದ ಕರಣಕೋಟದವಳು. ಕೊನೆಯ ದಿನ ಆಸ್ಪತ್ರೆಯಲ್ಲಿ ಕಂಬಳಿ ಕೆಳಗೆ ಅವಳ ಕೈ ಹಿಡಿದು ಕೂತಿದ್ದೆ. ಬೆರಳು ನಡುಗುತ್ತಿವೆ ಎಂದುಕೊಂಡೆ. ಎಲ್ಲ ಬೆರಳಲ್ಲ. ನನ್ನ ಕಿರುಬೆರಳನ್ನೇ ಹಿಡಿದಿದ್ದಳು. ಒಮ್ಮೆ ಒತ್ತಿದಳು. ಸ್ವಲ್ಪ ಬಿಟ್ಟು ಮತ್ತೊಮ್ಮೆ. ನಾನು ಕಂಬಳಿಯಿಂದ ಕೈ ತೆಗೆದು, ಮಂಚದ ಕೆಳಗೆ ಕಾಲಲ್ಲೇ ಚಪ್ಪಲಿ ಹುಡುಕುತ್ತ, ಚಹಾ ಕುಡಿದು ಬರುತ್ತೇನೆ ಎಂದೆ.