ದಿಮಿತ್ರಿಯಸ್ ಗಾದಿಗೆ ಬಂದಿದ್ದರೆ

ಅಣ್ಣಾ,

ಟರ್ಕರ ತೋಪಿಗೆ ಕಾನ್‌ಸ್ಟಾಂಟಿನೋಪಲ್‌ನ ಗೋಡೆ ಕುಸಿದು ನಮ್ಮ ಅಮರಗೋಳದ ದಲಾಲಿ ಅಂಗಡಿಯ ಮೇಲೆ ಬಿದ್ದಂತೆ ಕನಸು. ಎದ್ದು ಕೂತು ಇದನ್ನು ಬರೆಯುತ್ತಿದ್ದೇನೆ. ಅವ್ವ ಕಿರಿಯನಾದ ನನ್ನನ್ನು ಗಾದಿಗೆ ಕೂರಿಸಿದಳು, ನೀನು ಮನೆ ಬಿಟ್ಟೆ. ಅದಾಗಿ ಹನ್ನೆರಡು ವರ್ಷಕ್ಕೆ, ನಿನ್ನೆ, ನಿನ್ನ ಮಗಳು ರಜನಿ ಕಾಲೇಜಿನ ಭಾಷಣ ಓದಿ ತೋರಿಸಲು ಅಂಗಡಿಗೆ ಬಂದಳು.

“ಕಾಕಾ, ಕಡೀ ಬಾದಶಹಾ ಕಾನ್‌ಸ್ಟಂಟೈನ್ ಬದ್ಲಿ ಅವನ ತಮ್ಮ ದಿಮಿತ್ರಿಯಸ್ ಗಾದಿಗೆ ಬಂದಿದ್ರ ಊರು ಉಳೀತಿತ್ತೇನ್ರಿ?”

“ಏಳನೇತ್ತಕ್ಕ ಸಾಲಿ ಬಿಟ್ಟಾಂವಗ ಕೇಳ್ತಿಯಲ್ಲವಾ! ಯಾರ ಬಂದ್ರೂ ಅಷ್ಟುದ್ದ ಗ್ವಾಡಿ ಒಬ್ಬನ ಕೈಲೆ ಕಾಯೂದು ಆಗತಿದ್ದಿಲ್ಲ.”

ನಕ್ಕಳು. “ಅಪ್ಪಾರೂ ಇದನ್ನ ಅಂದ್ರು.”

ಚಪ್ಪಲಿ ಬಿಡಿಸಿ ಅವಳನ್ನು ಗಾದಿಯ ಮೇಲೆ, ನನ್ನ ಪಕ್ಕ ಕೂರಿಸಿಕೊಂಡು ಚಹಾ ತರಿಸಿದೆ.

ಒಂದೇ ಚಿಂತೆ. ಆ ಅಣ್ಣತಮ್ಮಂದಿರ ತಾಯಿ ಹೆಲೆನಾ ಹಿರಿಯನಿಗೇ ಪಟ್ಟ ಕಟ್ಟಿಸಿದಳು ಎಂದು ರಜನಿ ಬರೆದಿದ್ದಾಳೆ. ತಪ್ಪಾದರೆ ಮಂದಿ ನಕ್ಕಾರು. ಹಿರಿಯನಿಗೇ ಅನ್ನುವುದೊಂದನ್ನು ಪುಸ್ತಕದಲ್ಲಿ ಇನ್ನೊಮ್ಮೆ ನೋಡಿಬಿಡು.