ಡ್ರಾಯರಿನಲ್ಲಿ ಉಳಿದ ಕೂಸಿನ ಅರ್ಜಿ

ಅರಸೀಕೆರೆ
9 ಫೆಬ್ರವರಿ 2025, ಭಾನುವಾರ

ಬಾಣಂತಿ ಅರುಣಾಗೆ, ಬೆಚ್ಚಗಿರು ಎಂದು ಮೊದಲು ಹೇಳಿ, ಲತಾಮಣಿ ಬರೆಯುವುದು.

ಬಸ್ತಿಹಳ್ಳಿಯ ತವರಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿರುವವಳಿಗೆ ಕಾಗದ ಯಾಕೆ, ಫೋನ್ ಇಲ್ಲವೇ ಎಂದು ನಗಬೇಡ. ಫೋನಿನಲ್ಲಾದರೆ ನೀನು "ಹೋಗ್ಲಿ ಬಿಡೇ" ಎಂದುಬಿಡುತ್ತೀಯ. ನಾನು ಅಷ್ಟಕ್ಕೇ ಕಾಯುತ್ತಿದ್ದವಳ ಹಾಗೆ ಸುಮ್ಮನಾಗಿಬಿಡುತ್ತೇನೆ. ನಿನ್ನೆ ಎರಡು ಸಲ ಕರೆ ಮಾಡಿ, ನೀನು ಎತ್ತುವ ಮೊದಲೇ ಕತ್ತರಿಸಿದ್ದೂ ಇದಕ್ಕೇ. ಕೂಸು ಹಾಲು ಕುಡಿಯುತ್ತಿದೆ, ಕೆಮ್ಮು ನಿಂತಿದೆ ಎಂದು ನಿನ್ನ ಯಜಮಾನರು ಹೇಳಿದರು. ಅದೊಂದೇ ಸಮಾಧಾನ.

ಹಾಸನದ ಆಸ್ಪತ್ರೆ ಬಿಲ್ಲನ್ನು ವಿಮೆಯವರು ವಾಪಸ್ ಕಳಿಸಿದ್ದಾರೆ. ಮಗು ಪಟ್ಟಿಯಲ್ಲೇ ಇಲ್ಲವಂತೆ. ಅರ್ಜಿ ತಡವಾಗಿತ್ತು ಎಂದು ನಮ್ಮ ಆಫೀಸಿನಿಂದ ನಿನಗೆ ಮೆಸೇಜ್ ಬಂದಿರಬೇಕು. ನೀನು ನಿನ್ನ ಯಜಮಾನರನ್ನು ಬೈದಿದ್ದರೆ ಆ ಬೈಗುಳ ವಾಪಸ್ ತೆಗೆದುಕೊ. ತಡ ಮಾಡಿದವಳು ನಾನು.

ನಿನಗೇ ಗೊತ್ತು, ಈ ಕೊಬ್ಬರಿಪುಡಿ ಕಾರ್ಖಾನೆಗೆ ನಾನು ಬಂದು ನಾಲ್ಕು ತಿಂಗಳು. ನೀನು ಲ್ಯಾಬಿನಲ್ಲಿ ಪುಡಿಯ ತೇವ ನೋಡುವವಳು, ನಾನು ಮಹಡಿಯ ಮೇಲೆ ಪಿಎಫ್, ವಿಮೆ, ಹೆರಿಗೆ ರಜೆ ಎಂದು ಅರ್ಜಿ ಜೋಡಿಸುವವಳು. ಹಗರೆಯಲ್ಲಿ ನಮ್ಮಪ್ಪ ಹನುಮಯ್ಯನವರು ಡೇರಿಗೆ ಹಾಲು ಹಾಕಲು ಹೋದಾಗಲೆಲ್ಲ "ನನ್ ಮಗ್ಳು ಕಂಪ್ನಿಯೋರ್ಗೆಲ್ಲಾ ಇನ್ಸೂರೆನ್ಸ್ ಮಾಡುಸ್ತವ್ಳೆ" ಎಂದು ಸಾರಿಕೊಂಡು ಬರುತ್ತಾರೆ. ಆ ಮಗಳು ಇಲ್ಲಿ ನಿಂತಲ್ಲಿ ನಿಲ್ಲಲಾರದೆ, ಒಂದೇ ಫೈಲನ್ನು ಮೂರು ಸಲ ತೆಗೆದು ನೋಡುತ್ತಾ ದಿನ ಕಳೆಯುತ್ತಾಳೆ.

ಕೂಸು ಹುಟ್ಟಿದ ಐದನೇ ದಿನ, ಡಿಸೆಂಬರ್ ಇಪ್ಪತ್ತಮೂರಕ್ಕೇ, ನಿನ್ನ ಯಜಮಾನರು ಕೂಸನ್ನು ವಿಮೆಗೆ ಸೇರಿಸುವ ಅರ್ಜಿ ತಂದುಕೊಟ್ಟರು. ಹೆಸರಿನ ಕಾಲಂ ಒಂದು ಖಾಲಿ ಇತ್ತು. ಕೇಳೋಣವೆಂದು ಫೋನ್ ಮಾಡಿದರೆ ನಿಮ್ಮಮ್ಮ ಸಾವಿತ್ರಮ್ಮನವರು ಎತ್ತಿಕೊಂಡರು. "ನಮ್ಮನೇಲಿ ಮೂರ್ ತಿಂಗ್ಳು ತುಂಬೋಗಂಟ ಹೆಸ್ರು ಇಕ್ಕಾಕಿಲ್ಲ ಕಣವ್ವ, ಅಲ್ಲೀಗಂಟ ಕೂಸು ಅಂತ್ಲೇ ಕರೀತೀವಿ" ಎಂದರು. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನನ್ನ ತಮ್ಮನೂ ಎಷ್ಟೋ ತಿಂಗಳು ಬರೀ ಕೂಸಾಗಿಯೇ ಇದ್ದ. ಹೆಸರಿಟ್ಟ ಮೇಲೆ ತುಂಬಿ ಕಳಿಸೋಣವೆಂದು ಅರ್ಜಿಗೆ ಪಿನ್ನು ಹೊಡೆದು ಡ್ರಾಯರಿನಲ್ಲಿಟ್ಟೆ.

ಹುಟ್ಟಿದ ಮೂವತ್ತು ದಿನದೊಳಗೆ ಸೇರಿಸಬೇಕೆಂಬ ನಿಯಮ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಜನವರಿ ಹತ್ತರ ಹೊತ್ತಿಗೆ ದಿನವೂ ಡ್ರಾಯರ್ ಎಳೆದು ಅರ್ಜಿ ನೋಡಿ ಮತ್ತೆ ಮುಚ್ಚುತ್ತಿದ್ದೆ. ಆದರೆ ನಿಮ್ಮ ಮನೆಗೆ ಮತ್ತೆ ಫೋನ್ ಮಾಡಿ, ಪದ್ಧತಿ ಬಿಟ್ಟು ಬೇಗ ಹೆಸರಿಡಿ ಎನ್ನಲು ನಾನು ಯಾರು? ಈ ಹುಡುಗಿ ನಾಲ್ಕಕ್ಷರ ಕಲಿತು ನಮಗೇ ಹೇಳಿಕೊಡಲು ಬಂದಳು ಎನ್ನುತ್ತಾರೆಂದು ಹೆದರಿದೆ. ನಮ್ಮಂಥವರ ಮನೆಯ ಹುಡುಗಿಗೆ ಆ ಹೆದರಿಕೆ ಎಲ್ಲಿಂದ ಬರುತ್ತದೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಹದಿನೇಳನೇ ತಾರೀಖು ಗಡುವು ಮುಗಿಯಿತು. ಇಪ್ಪತ್ತೇಳಕ್ಕೆ ನೀನು ಉಸಿರಾಡಲಾಗದ ಕೂಸನ್ನು ಎತ್ತಿಕೊಂಡು ಹಾಸನಕ್ಕೆ ಓಡಿದೆ.

ಮೊನ್ನೆ ಮ್ಯಾನೇಜರ್ ಚೇತನ್‌ಕುಮಾರ್ ಅರ್ಜಿ ನೋಡಿ, "ಹೆಸರಿಲ್ಲ ಅಂದ್ರೆ ಅರುಣಾ ಅವರ ಮಗು ಅಂತ ಬರೆದು ಕಳಿಸೋದಲ್ವೇನಮ್ಮ" ಎಂದರು. ಇಷ್ಟೇ ಇಷ್ಟು. ನಾಚಿಕೆಯಿಂದ ನನ್ನ ಮುಖ ಉರಿದುಹೋಯಿತು. ಅವರು ಕೆಟ್ಟವರಲ್ಲ. ಬಾಗಿಲು ಹಾಕಿ, ತಪ್ಪು ಆಫೀಸಿನದೆಂದಾದರೆ ಬಿಲ್ಲನ್ನು ಕಂಪನಿಯೇ ಕೊಡಬೇಕಾಗುತ್ತದೆ, ಖಾಯಂ ಆಗಲು ಎರಡೇ ತಿಂಗಳು ಉಳಿದಿರುವ ನಾನು ಕೆಲಸ ಬಿಟ್ಟು ಮನೆಗೆ ಹೋಗಬೇಕಾಗುತ್ತದೆ ಎಂದು ಮೆಲ್ಲಗೆ ತಿಳಿಸಿದರು. ಆಮೇಲೆ ಒಂದು ಕಾಗದ ಟೈಪ್ ಮಾಡಿಸಿದರು. ಅರ್ಜಿಯನ್ನು ನೀನು ಫೆಬ್ರವರಿಯಲ್ಲಿ ಕೊಟ್ಟೆ ಎಂದು ಅದರಲ್ಲಿದೆ. ಕೆಳಗೆ ನಿನ್ನ ಸಹಿಗೆ ಜಾಗ ಬಿಟ್ಟಿದ್ದಾರೆ.

ಗುರುವಾರ ಆಫೀಸಿನಿಂದ ಒಬ್ಬರು ಆ ಕಾಗದ ತರುತ್ತಾರೆ. ಸಹಿ ಹಾಕಿದರೆ ಬಿಲ್ಲು ನಿಮ್ಮ ತಲೆಯ ಮೇಲೇ ಉಳಿಯುತ್ತದೆ. ಹಾಕಬೇಡ. ಡಿಸೆಂಬರ್ ಇಪ್ಪತ್ತಮೂರರ ಸೀಲಿರುವ ನಿನ್ನ ಅರ್ಜಿಯ ಜೆರಾಕ್ಸ್ ಇದರ ಜೊತೆಗಿದೆ. ಈ ಪತ್ರವನ್ನೂ ಇಟ್ಟುಕೊ. ಬೇಕಾದವರಿಗೆ ತೋರಿಸು, ಅಕ್ಷರ ನನ್ನದೇ.

ಒಳ್ಳೆಯವಳಾಗಲು ಇದನ್ನೆಲ್ಲ ಬರೆಯುತ್ತಿದ್ದೇನೆಂದು ತಿಳಿಯಬೇಡ. ಈ ಕೆಲಸ ನನಗೆ ಬೇಕು ಅರುಣಾ, ತುಂಬಾ ಬೇಕು. ಬರೆಯುವ ನಡುವೆ ನಾಲ್ಕು ಸಲ ಎದ್ದು ಕಿಟಕಿಯ ತನಕ ಹೋಗಿ ಬಂದಿದ್ದೇನೆ. ಈಗಲೇ ಎದ್ದು ಅಂಚೆ ಡಬ್ಬಕ್ಕೆ ಹಾಕದಿದ್ದರೆ ಹರಿದುಬಿಡುತ್ತೇನೆ.

ನಿನ್ನ ಕೂಸಿನ ಮುಖ ಇನ್ನೂ ನೋಡದ,
ಲತಾಮಣಿ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು: ಗುರುವಾರ ಆ ಕಾಗದ ತರುವವಳು ನಾನೇ. ಆಗಲಿ ಸಾರ್ ಎಂದು ಒಪ್ಪಿಕೊಂಡು ಬಂದಿದ್ದೇನೆ. ಕೂಸಿಗೆ ಕುಲಾವಿ ತಂದಿರುತ್ತೇನೆ, ಬರೀ ಆಫೀಸಿನ ಪದ್ಧತಿ ಕಣೇ ಎನ್ನುತ್ತೇನೆ, ಈ ಪತ್ರ ಸುಮ್ಮನೆ ಬರೆದದ್ದು ಎಂದೂ ಹೇಳಬಹುದು. ಅತ್ತರೂ ನಂಬಬೇಡ. ಪೆನ್ನು ಮುಟ್ಟಬೇಡ.