ಮೊದಲೇ ಓಡಿದ ಕೊನೆಯ ರೀಲು

ಬೋರಯ್ಯ,

ಮೊನ್ನೆ ಮದ್ದೂರಿನ ನನ್ನ ಸಿನಿಮಾ ಟೆಂಟಿನಲ್ಲಿ ಆಪರೇಟರ್ ವಹಾಬ್ ಕೊನೆಯ ರೀಲನ್ನು ಮೊದಲೇ ಓಡಿಸಿಬಿಟ್ಟ ಕಣ್ಲಾ. ಸಾಧುವಾದ ಅಣ್ಣನೇ ಕೊಲೆಗಾರ ಅಂತ ಆಗಲೇ ಬಯಲಾಯಿತು. ಕಥೆ ಕೆಟ್ಟಿತು ಅಂದುಕೊಂಡೆ. ಜನ ಇನ್ನೂ ಹುರುಪಾದರು. ಆಮೇಲೆ ಓಡಿದ ಮೊದಲ ರೀಲಿನಲ್ಲಿ ಅಣ್ಣ ತಮ್ಮನಿಗೆ ಹಾಲು ಕೊಟ್ಟಾಗ, "ಕುಡೀಬ್ಯಾಡ ಕಣ್ಲಾ, ವಿಸ ಅದೆ" ಅಂತ ಕೂಗಿದರು. ಅದು ಬರೀ ಹಾಲು.

ನಲವತ್ತೆರಡರ ಚಳವಳಿಯಲ್ಲಿ ನನ್ನನ್ನು ಪೊಲೀಸರಿಗೆ ಹಿಡಿದುಕೊಟ್ಟವನು ನೀನೇ ಅಂತ ಯಾರೋ ಅಂದರು, ನಾನು ನಂಬಿದೆ. ಮಂಡ್ಯದ ಜೈಲಿಗೆ ನೀನು ದಿನಾ ತಂದ ಬುತ್ತಿಯನ್ನು ಮುಟ್ಟದೆ ವಾಪಸ್ ಕಳಿಸಿದೆ. ಹಿಡಿದುಕೊಟ್ಟವನು ಬೇರೆ ಅಂತ ತಿಳಿಯುವಷ್ಟರಲ್ಲಿ ನಿನ್ನನ್ನು ಪ್ಲೇಗು ಒಯ್ದಿತ್ತು.

ನಿನ್ನೆ ರೀಲುಗಳನ್ನು ಸರಿಯಾಗಿ ಜೋಡಿಸಿ ಓಡಿಸಿದೆವು. ಹಾಲಿನ ಲೋಟ ಬಂದಾಗ ಯಾರೂ ಕೂಗಲಿಲ್ಲ. ನಾನು ಮಾತ್ರ ನೋಡಲಾರದೆ ಹೊರಗೆ ಎದ್ದುಬಂದೆ.